ಗ್ಯಾಸ್ಟ್ರಿಕ್ ಮಾತ್ರೆಯಿಂದ ನ್ಯುಮೋನಿಯಾ ಬರುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ತಂದೆಯವರಿಗೆ 71 ವರ್ಷ. ಎದೆಯುರಿಗೆ ಎರಡು ವರ್ಷದಿಂದ ದಿನಾ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ನ್ಯುಮೋನಿಯಾ ಆಗಿ ಗುಣವಾಯಿತು. ಮಾತ್ರೆಯೇ ಕಾರಣ ಎನ್ನುತ್ತಾರೆ. ನಾಳೆಯಿಂದಲೇ ನಿಲ್ಲಿಸಲೇ?

ಉತ್ತರ (ವೈದ್ಯರು): ದಯವಿಟ್ಟು ಹಾಗೆ ಏಕಾಏಕಿ ನಿಲ್ಲಿಸಬೇಡಿ. ಅನುಮಾನಕ್ಕೆ ಆಧಾರವಿದೆ, ನಿಜ. ಹೊಟ್ಟೆಯ ಆಮ್ಲ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಮಾತ್ರೆಯಿಂದ ಆಮ್ಲ ತಗ್ಗಿ ಪಿಎಚ್ (ಆಮ್ಲೀಯತೆಯ ಅಳತೆ, ಇದು ಏರಿದಷ್ಟೂ ಆಮ್ಲ ಕಡಿಮೆ) 4 ದಾಟಿದರೆ ಅವು ಉಳಿದು ಬೆಳೆಯುತ್ತವೆ. ಮಲಗಿದಾಗ ಆ ದ್ರವ ಗಂಟಲಿಗೇರಿ ಶ್ವಾಸನಾಳಕ್ಕೆ ಇಳಿದರೆ ಸೋಂಕಾಗಬಹುದು. 2004ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನವೊಂದು ಇಂಥ ನಂಟನ್ನು ತೋರಿಸಿತು. ಆದರೆ ಇಂಥ ಅಧ್ಯಯನಗಳಲ್ಲಿ ಅಪಾಯ ಹೆಚ್ಚು ಕಾಣುವುದು ಮಾತ್ರೆ ಶುರುಮಾಡಿದ ಮೊದಲ ತಿಂಗಳಲ್ಲಿ. ನ್ಯುಮೋನಿಯಾದ ಆರಂಭದ ಕೆಮ್ಮು, ಎದೆನೋವನ್ನೇ ಆಸಿಡಿಟಿ ಎಂದುಕೊಂಡು ಮಾತ್ರೆ ಕೊಟ್ಟರೂ ಮಾತ್ರೆಯೇ ಕಾರಣವೆಂಬಂತೆ ಲೆಕ್ಕ ಬರುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 17,598 ಜನರಲ್ಲಿ ಕೆಲವರಿಗೆ ಪ್ಯಾಂಟೊಪ್ರಜೋಲ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. ನ್ಯುಮೋನಿಯಾದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕರುಳಿನ ಸೋಂಕು ಮಾತ್ರ ತುಸು ಹೆಚ್ಚಿತ್ತು. ಹಾಗಾಗಿ ಎರಡು ವರ್ಷದ ಮಾತ್ರೆಯ ಮೇಲೆ ತಪ್ಪು ಹೊರಿಸಲು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಹಾಗಾದರೆ ಮುಂದುವರಿಸಬಹುದೇ?

ಉತ್ತರ (ವೈದ್ಯರು): ಈಗಲೂ ಬೇಕೇ ಎಂದು ಅವರ ವೈದ್ಯರನ್ನು ಕೇಳಿ. ಹಿಂದೆ ಅಲ್ಸರ್‌ನಿಂದ ರಕ್ತ ಹೋಗಿದ್ದರೆ, ಅನ್ನನಾಳದಲ್ಲಿ ತೀವ್ರ ಹುಣ್ಣಿದ್ದರೆ, ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ನಡೆಯುತ್ತಿದ್ದರೆ ನಿಲ್ಲಿಸುವುದೇ ಅಪಾಯ. ಇಂಥದ್ದೇನೂ ಇಲ್ಲದಿದ್ದರೆ 20 ಮಿ.ಗ್ರಾಂಗೆ ಇಳಿಸಿ ಎರಡರಿಂದ ನಾಲ್ಕು ವಾರ, ಆಮೇಲೆ ದಿನ ಬಿಟ್ಟು ದಿನ ಕೊಟ್ಟು ನಿಲ್ಲಿಸುವುದು ವಾಡಿಕೆ. ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಹೆಚ್ಚು ಸುರಿದು ಕೆಲವು ವಾರ ಎದೆಯುರಿ ಕಾಡಬಹುದು. ಅದನ್ನು ಕಂಡು ಮಾತ್ರೆ ಇಲ್ಲದೆ ಆಗುವುದೇ ಇಲ್ಲ ಎಂದುಕೊಂಡು ಮತ್ತೆ ಹಿಡಿಯುವವರೇ ಬಹಳ.

ಉತ್ತರ (ಫಾರ್ಮಸಿಸ್ಟ್): ಒಂದು ಮಾತು ಸೇರಿಸುತ್ತೇನೆ. 40ರ ಮಾತ್ರೆಯನ್ನು ಮುರಿದು ಅರ್ಧ ಕೊಡಬೇಡಿ. ಮೇಲಿನ ಲೇಪ ಒಡೆದರೆ ಔಷಧ ಹೊಟ್ಟೆಯ ಆಮ್ಲದಲ್ಲೇ ಹಾಳಾಗುತ್ತದೆ. 20ರದ್ದೇ ಬರೆಸಿಕೊಳ್ಳಿ, ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ.

ಉತ್ತರ (ವೈದ್ಯರು): ಸರಿಯಾಗಿ ಹೇಳಿದಿರಿ. ಇನ್ನು, ನೀರು ಕುಡಿಯುವಾಗ ಅವರಿಗೆ ಕೆಮ್ಮು ಬರುತ್ತದೆಯೇ, ಊಟದ ನಂತರ ದನಿ ಗೊರಗೊರ ಎನ್ನುತ್ತದೆಯೇ ನೋಡಿ. ಈ ವಯಸ್ಸಿನಲ್ಲಿ ನುಂಗುವ ತೊಂದರೆಯೇ ಶ್ವಾಸಕೋಶಕ್ಕೆ ದೊಡ್ಡ ಅಪಾಯ. ರಾತ್ರಿ ಊಟವಾದ ಮೇಲೆ ಮಲಗಲು ಮೂರು ಗಂಟೆ ಬಿಡಿ, ಮಂಚದ ತಲೆಭಾಗವನ್ನು 15ರಿಂದ 20 ಸೆಂ.ಮೀ. ಎತ್ತರಿಸಿ. ನ್ಯುಮೋಕಾಕಲ್ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ) ಮತ್ತು ಫ್ಲೂ ಲಸಿಕೆ ಹಾಕಿಸಿಲ್ಲದಿದ್ದರೆ ಹಾಕಿಸಿ. ಜ್ವರದ ಜೊತೆ ಏದುಸಿರು, ಗೊಂದಲದ ಮಾತು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.