ಎಂಟು ಜನ, ಎರಡು ದಿನ ಗಾಲ್ಫ್: ಯಾವ ಫಾರ್ಮ್ಯಾಟ್ ಒಳ್ಳೇದು?

ಪ್ರಶ್ನೆ: ವಾರಾಂತ್ಯಕ್ಕೆ ಎಂಟು ಗೆಳೆಯರು ಖಾಸಗಿ ಕ್ಲಬ್‌ಗೆ ಹೊರಟಿದ್ದೇವೆ. ನಮ್ಮಲ್ಲಿ ಒಬ್ಬರಷ್ಟೇ ಅಲ್ಲಿನ ಸದಸ್ಯರು. ಕೋರ್ಸ್ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೆಚ್ಚುವರಿ ಸ್ಟ್ರೋಕ್, ಅಂದರೆ ಹೊಡೆತ) 6ರಿಂದ 30ರವರೆಗೂ ಇದೆ. ಎಲ್ಲರಿಗೂ ಮಜಾ ಬರುವಂತೆ, ಆಟ ಎಳೆಯದಂತೆ ಹೇಗೆ ಆಡೋದು?

ಉತ್ತರ: ಮೊದಲ ದಿನ ಸ್ಟೇಬಲ್‌ಫರ್ಡ್ ಆಡಿ, ಅಂದರೆ ಪ್ರತಿ ಹೋಲ್‌ಗೂ ಅಂಕ ಕೊಡುವ ಆಟ. ನೆಟ್ ಪಾರ್‌ಗೆ (ಹ್ಯಾಂಡಿಕ್ಯಾಪ್ ಸ್ಟ್ರೋಕ್ ಕಳೆದ ಮೇಲೆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ) 2 ಅಂಕ, ಬೋಗಿಗೆ (ಒಂದು ಹೆಚ್ಚು) 1, ಬರ್ಡಿಗೆ (ಒಂದು ಕಡಿಮೆ) 3. ಅಂಕ ಸಿಗೋದಿಲ್ಲ ಅಂತ ಖಚಿತವಾದ ಕೂಡಲೇ ಚೆಂಡು ಎತ್ತಿಕೊಳ್ಳಬಹುದು, ಸಮಯ ಉಳಿಯೋದೇ ಅಲ್ಲಿ. 30 ಹ್ಯಾಂಡಿಕ್ಯಾಪ್‌ನವರಿಗೆ ಸ್ಟ್ರೋಕ್ ಇಂಡೆಕ್ಸ್ (ಹೋಲ್‌ಗಳ ಕಷ್ಟದ ಕ್ರಮಾಂಕ) 1ರಿಂದ 12ರ ಹೋಲ್‌ಗಳಲ್ಲಿ ಎರಡೆರಡು ಸ್ಟ್ರೋಕ್, ಉಳಿದ ಆರರಲ್ಲಿ ಒಂದೊಂದು. ಎರಡನೇ ದಿನ ಫೋರ್‌ಬಾಲ್ ಮ್ಯಾಚ್ ಪ್ಲೇ (ಇಬ್ಬಿಬ್ಬರ ಜೋಡಿ, ಜೋಡಿಯ ಉತ್ತಮ ಸ್ಕೋರ್‌ನಿಂದ ಹೋಲ್ ಗೆಲ್ಲುವ ಆಟ): ಎಲ್ಲರ ಹ್ಯಾಂಡಿಕ್ಯಾಪ್‌ನ ಶೇ. 90 ಎಷ್ಟು ಅಂತ ಲೆಕ್ಕ ಹಾಕಿ, ಎಲ್ಲರಿಗಿಂತ ಕಡಿಮೆ ಇರುವವರನ್ನು ಸೊನ್ನೆಗೆ ಇಳಿಸಿ, ಉಳಿದವರಿಗೆ ವ್ಯತ್ಯಾಸದಷ್ಟು ಕೊಡಿ.

ಉತ್ತರ: ಫಾರ್ಮ್ಯಾಟ್‌ಗಿಂತ ಮೊದಲು ಅತಿಥಿಗಳ ನಿಯಮ ವಿಚಾರಿಸಿ. ಒಬ್ಬ ಸದಸ್ಯರ ಜೊತೆ ಮೂವರಿಗಷ್ಟೇ ಅವಕಾಶ ಕೊಡುವ ಕ್ಲಬ್‌ಗಳಿವೆ. ಹಾಗಿದ್ದರೆ ನಿಮ್ಮ ಎರಡನೇ ತಂಡಕ್ಕೆ ಟೀ ಟೈಮೇ (ಆಟ ಶುರು ಮಾಡುವ ಸಮಯ) ಸಿಗಲ್ಲ. ಕಾಲರ್ ಇರುವ ಅಂಗಿ, ಸಾಫ್ಟ್ ಸ್ಪೈಕ್ ಶೂ ಇರಲಿ. ಬ್ಯಾಗಲ್ಲಿ 14 ಕ್ಲಬ್ (ಹೊಡೆಯುವ ಕೋಲು) ಮೀರಬಾರದು.

ಉತ್ತರ: ಚೆಂಡು ಹುಡುಕೋಕೆ ಈಗ 3 ನಿಮಿಷ ಮಾತ್ರ, 2019ಕ್ಕೆ ಮೊದಲಿದ್ದ 5 ಅಲ್ಲ. ಪೊದೆ ಕಡೆ ಹೋಯಿತು ಅನ್ನಿಸಿದರೆ 'ಪ್ರಾವಿಷನಲ್' (ತಾತ್ಕಾಲಿಕ ಚೆಂಡು) ಅಂತ ಬಾಯಿಬಿಟ್ಟು ಹೇಳಿಯೇ ಇನ್ನೊಂದು ಹೊಡೆಯಿರಿ. ಹೇಳದೆ ಹೊಡೆದರೆ ಅದೇ ಆಟದ ಚೆಂಡಾಗುತ್ತೆ, ಮೊದಲನೆಯದು ಸಿಕ್ಕರೂ ಪ್ರಯೋಜನವಿಲ್ಲ. ಇನ್ನೊಂದು, ದಯವಿಟ್ಟು ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ಮೇಲೆ ಚೆಂಡು ಬಿದ್ದು ಆದ ಗುಳಿ ಸರಿಮಾಡುವಾಗ ಫೋರ್ಕ್‌ನಿಂದ ಮಣ್ಣನ್ನು ಮೇಲಕ್ಕೆ ಮೀಟಬೇಡಿ, ಬೇರು ಹರಿದು ಹುಲ್ಲು ಒಣಗುತ್ತೆ. ಅಂಚನ್ನು ಸುತ್ತಲಿಂದ ನಡುವಿಗೆ ತಳ್ಳಿ, ಪಟರ್‌ನಿಂದ ಮೆತ್ತಗೆ ತಟ್ಟಿ.