ಕೆಟ್ಟ ಹಳೇ ರೇಡಿಯೋಗೆ ಎಷ್ಟು ಕೊಡಬಹುದು? ಅನುಭವ ಇದ್ದೋರು ಹೇಳಿ

ಡಯಲ್_ದಾರ: ಮೂರು ಕೆಟ್ಟ ಸೆಟ್ ಒಟ್ಟಿಗೆ ಮಾರಾಟಕ್ಕಿವೆ. ಒಂದು ಬುಶ್ ಡಿಎಸಿ90ಎ, ಬೇಕಲೈಟ್ (ಹಳೇ ಗಟ್ಟಿ ಪ್ಲಾಸ್ಟಿಕ್) ಮೈ. ಗುಂಯ್ ಅನ್ನುತ್ತೆ, ಸ್ಟೇಷನ್ ಹಿಡಿಯಲ್ಲ. ಇನ್ನೊಂದು 1950ರ ದಶಕದ ಮರದ ದೊಡ್ಡ ಜರ್ಮನ್ ಸೆಟ್. ಮ್ಯಾಜಿಕ್ ಐ (ಸ್ಟೇಷನ್ ಸರಿಯಾಗಿ ಕೂತಿದ್ದು ತೋರಿಸೋ ಹೊಳೆಯುವ ವಾಲ್ವ್) ಇದೆ, ಡಯಲ್ ಗಾಜಿನ ಮೂಲೆಯಲ್ಲಿ ಬಿರುಕು. ಮೂರನೇದು ಟ್ರಾನ್ಸಿಸ್ಟರ್ ಪೋರ್ಟಬಲ್, ಸದ್ದೇ ಇಲ್ಲ. "ಬಲ್ಬ್ ಹತ್ತುತ್ತೆ, ಸಣ್ಣ ರಿಪೇರಿ ಅಷ್ಟೇ" ಅಂತಾರೆ ಮಾರೋರು. ಮೂರಕ್ಕೂ ಸೇರಿ ಒಂದೇ ರೇಟು, ಬಿಡಿಯಾಗಿ ಕೊಡಲ್ಲ. ಎಷ್ಟಕ್ಕೆ ಕೇಳಲಿ?

ಸೀರೀಸ್_ಲ್ಯಾಂಪ್: ಬಲ್ಬ್ ಹತ್ತುತ್ತೆ ಅನ್ನೋ ಮಾತಿಗೆ ಒಂದು ಕಾಸೂ ಜಾಸ್ತಿ ಕೊಡಬೇಡಿ. ಟ್ರಾನ್ಸ್‌ಫಾರ್ಮರ್ ಇರೋ ಸೆಟ್ಟಲ್ಲಿ ಡಯಲ್ ಬಲ್ಬ್ ಹತ್ತಿದರೆ ಪ್ರೈಮರಿ ಮತ್ತು ಹೀಟರ್ ವೈಂಡಿಂಗ್ ಬದುಕಿವೆ ಅಂತಷ್ಟೇ ಅರ್ಥ. ದುಡ್ಡು ತಿನ್ನೋದು ಎಚ್‌ಟಿ, ಅಂದ್ರೆ ಹೈ ವೋಲ್ಟೇಜ್ ವೈಂಡಿಂಗ್. ಪ್ಲಗ್ ಹಾಕಿಸಬೇಡಿ, ಮೀಟರ್ ತಗೊಂಡು ಹೋಗಿ. ಎಚ್‌ಟಿಯ ಎರಡು ಅರ್ಧಗಳೂ ಸಾಮಾನ್ಯವಾಗಿ 100ರಿಂದ 300 ಓಂ ಒಳಗೆ, ಹೆಚ್ಚುಕಮ್ಮಿ ಒಂದೇ ಸಮ ಇರಬೇಕು. ಸ್ಪೀಕರಿಗೆ ಕೊಡೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿ 200ರಿಂದ 600 ಓಂ ತೋರಿಸಬೇಕು. ತೋರಿಸದಿದ್ದರೆ ತಂತಿ ಕಟ್. ಐಎಫ್ (ಮಧ್ಯಂತರ ಆವರ್ತನ) ಕಾಯಿಲ್ ಕೆಲವು ಓಂನಿಂದ ಇಪ್ಪತ್ತು–ಮೂವತ್ತರವರೆಗೆ. ಈ ಮೂರೂ ಸರಿ ಇದ್ದರೆ ಮಿಕ್ಕಿದ್ದೆಲ್ಲ ಕಂಡೆನ್ಸರ್ (ಕೆಪಾಸಿಟರ್) ಕೆಲಸ.

ಬೆಲೆ ಕಟ್ಟೋದು ಹೀಗೆ. ಅದೇ ಮಾಡೆಲ್ ಹಾಡುವ ಸ್ಥಿತಿಯಲ್ಲಿ ನಿಜವಾಗಿ ಮಾರಾಟವಾದ ಬೆಲೆ 100 ಅಂತಿಟ್ಕೊಳ್ಳಿ. ಕೇಳಿದ ಬೆಲೆ ಅಲ್ಲ, ಮಾರಾಟವಾದ ಬೆಲೆ. ಮುಟ್ಟೋಕೂ ಬಿಡದ ಸೆಟ್ಟಿಗೆ 15, ಅಂದ್ರೆ ಬಿಚ್ಚಿ ವಾಲ್ವ್ (ಗಾಜಿನ ಟ್ಯೂಬ್), ನಾಬ್, ಸ್ಪೀಕರ್ ಮಾರಿದರೆ ಎಷ್ಟು ಬರುತ್ತೋ ಅಷ್ಟು. ಮೀಟರ್ ಇಡೋಕೆ ಬಿಟ್ಟು ಮೂರು ವೈಂಡಿಂಗೂ ಸರಿ ಇದ್ದರೆ 25. ಸೀರೀಸಲ್ಲಿ 60 ವ್ಯಾಟ್ ಬಲ್ಬ್ ಹಾಕಿ, ವಾಲ್ವ್ ಎಲ್ಲ ಕಿತ್ತು, ಟ್ರಾನ್ಸ್‌ಫಾರ್ಮರ್ ಒಂದಕ್ಕೇ ಕರೆಂಟ್ ಕೊಟ್ಟಾಗ ಬಲ್ಬ್ ಹೆಚ್ಚೂ ಕಡಿಮೆ ಕಪ್ಪಗೇ ಇದ್ದರೆ 35. ಅದರ ಮೇಲೆ ಹೋಗಬೇಡಿ.

ಗಾಜು_ಮೊದಲು: ಮೇಲಿನವರ ಲೆಕ್ಕದಲ್ಲಿ ಕ್ಯಾಬಿನೆಟ್ ಅನ್ನೋ ಪದವೇ ಇಲ್ಲವಲ್ಲ! ಕಂಡೆನ್ಸರ್ ಇವತ್ತಿಗೂ ಹೊಸದು ಸಿಗುತ್ತೆ, ಇಎಲ್84 ಔಟ್‌ಪುಟ್ ವಾಲ್ವ್ ಇವತ್ತಿಗೂ ತಯಾರಾಗುತ್ತೆ. ಆ ಮಾಡೆಲ್ಲಿನ ಡಯಲ್ ಗಾಜು ತಯಾರಾಗುತ್ತಾ? ಗಾಜು ಇಲ್ಲದ ಸೆಟ್ಟಿಗೆ 10ಕ್ಕಿಂತ ಹೆಚ್ಚು ಕೊಡೋದು ಹುಚ್ಚು. ಗಾಜು ಇದ್ದರೂ ಹಿಂಬದಿ ಅಕ್ಷರ ನೋಡಿ. ಒದ್ದೆ ಬಟ್ಟೆ ತಾಗಿದರೆ ಸಾಕು, ಸ್ಟೇಷನ್ ಹೆಸರೆಲ್ಲ ಬಟ್ಟೆಗೆ ಅಂಟಿಕೊಂಡು ಬರುತ್ತೆ. ಮುಂಭಾಗ ಮಾತ್ರ ಒರೆಸಬೇಕು.

ಮರದ ಸೆಟ್ಟಲ್ಲಿ ವಿನೀರ್ (ಮೇಲಂಟಿಸಿದ ತೆಳು ಮರದ ಪದರ) ಬುಡದಲ್ಲಿ ಎದ್ದಿದ್ದರೆ ಅಂಟಿಸಬಹುದು, ಚೂರು ಕಳೆದುಹೋಗಿದ್ದರೆ ಬಣ್ಣ ಹೊಂದಿಸೋದೇ ಒಂದು ವಾರದ ತಲೆನೋವು. ಹುಳು ಹಿಡಿದ ತೂತಿನ ಬಾಯಲ್ಲಿ ಹೊಸ ಪುಡಿ ಕಂಡರೆ ಮನೆಗೇ ತರಬೇಡಿ. ಬೇಕಲೈಟಾದರೆ ಒಳಗಡೆಯಿಂದ ಟಾರ್ಚ್ ಬಿಟ್ಟು ಸ್ಕ್ರೂ ಕಂಬಗಳ ಬುಡ ನೋಡಿ. ಹೊರಗೆ ಕಾಣದ ಕೂದಲೆಳೆ ಬಿರುಕು ಅಲ್ಲೇ ಶುರುವಾಗೋದು. ಹಿಂದಿನ ಮುಚ್ಚಳ ಇಲ್ಲದಿದ್ದರೆ ಇನ್ನೂ 5 ಕಳೀರಿ. ಡಿಎಸಿ90ಎ ಶಾಸಿ (ಒಳಗಿನ ಲೋಹದ ಚೌಕಟ್ಟು) ನೇರ ಮೇನ್ಸಿಗೇ ಸೇರಿರೋದರಿಂದ ಆ ಮುಚ್ಚಳ ಅಲಂಕಾರಕ್ಕಲ್ಲ.

ಶಾರ್ಟ್‌ವೇವ್_ಹುಚ್ಚು: ಗಾಜು, ವಿನೀರ್ ಎಲ್ಲ ಇರಲಿ. ಒಂದೇ ಒಂದು ವಾಲ್ವ್ ಇಡೀ ಸೆಟ್ಟನ್ನು ನುಂಗೋದು ಗೊತ್ತಾ? ನನ್ನದು ಝೆನಿತ್ ಟ್ರಾನ್ಸ್-ಓಶಿಯಾನಿಕ್ ಎಚ್500, ಶಾರ್ಟ್‌ವೇವ್ ಪೋರ್ಟಬಲ್. ಹೊರಗೆ ಗೀರಿಲ್ಲ, ನಾಬ್ ಎಲ್ಲ ಇದೆ, ವೇವ್‌ಮ್ಯಾಗ್ನೆಟ್ ಆಂಟೆನಾ ಸಮೇತ. 40 ಕೊಟ್ಟಿದ್ದಾಯ್ತು. ಒಳಗೆ 1ಎಲ್6 ವಾಲ್ವ್ ಇರಬೇಕಾದ ಸಾಕೆಟ್ಟಲ್ಲಿ 1ಆರ್5 ಅನ್ನೋ ಬೇರೆ ವಾಲ್ವ್ ಕೂತಿದೆ! ಮೀಡಿಯಂ ವೇವ್ ಹೇಗೋ ಗೊಣಗುತ್ತೆ, ಮೇಲಿನ ಶಾರ್ಟ್‌ವೇವ್ ಬ್ಯಾಂಡಲ್ಲಿ ಆಸಿಲೇಟರ್ (ಸ್ಟೇಷನ್ ಹಿಡಿಯೋಕೆ ಬೇಕಾದ ಕಂಪನ ಹುಟ್ಟಿಸೋ ಭಾಗ) ಸತ್ತೇ ಹೋಗುತ್ತೆ. ಅಸಲಿ 1ಎಲ್6ಗೆ 30 ಹೋಯ್ತು. ಪೇಪರ್ ಕಂಡೆನ್ಸರ್, ಎಲೆಕ್ಟ್ರೋಲಿಟಿಕ್ ಎಲ್ಲಕ್ಕೂ ಸೇರಿ 6. ಸೆಲೆನಿಯಂ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡೋದು) ತೆಗೆದು ಸಿಲಿಕಾನ್ ಡಯೋಡ್ ಹಾಕಿದ್ದಕ್ಕೆ, ಅದರ ಜೊತೆಗಿನ ರೆಸಿಸ್ಟರಿಗೆ 1. ಕಪ್ಪು ಹೊದಿಕೆ ಕಿತ್ತಲ್ಲಿ ಅಂಟಿಸಿದ್ದಕ್ಕೆ 4. ಬ್ಯಾಂಡ್ ಗುಂಡಿಗಳ ಕಾಂಟ್ಯಾಕ್ಟ್ ಕ್ಲೀನರಿಗೆ 2. ಒಟ್ಟು 83. ಕೂಲಿ ಸೊನ್ನೆ. ಈಗ ಮಾರಿದರೆ 90 ಬಂದರೆ ಪುಣ್ಯ.

ಖರೀದಿಗೆ ಮುಂಚೆ ವಾಲ್ವಿನ ಗಾಜಿನ ಮೇಲಿನ ನಂಬರ್ ಓದಿ. ಸಾಕೆಟ್ ಪಕ್ಕದ ಚೀಟಿ ಓದಿದರೆ ಸಾಲದು.

ಸೀರೀಸ್_ಲ್ಯಾಂಪ್: 40 ಕೊಡಬೇಡಿ ಅಂತಲೇ ಅಲ್ವಾ ನಾನು ಬರೆದದ್ದು. ಕೇಳಿದ್ದು ಬುಶ್, ನೀವು ಓದಿದ್ದು ಝೆನಿತ್.

ಶಾರ್ಟ್‌ವೇವ್_ಹುಚ್ಚು: ನಿಮ್ಮ 35 ಯಾವ ಲೋಕದ ರೇಟು ಸ್ವಾಮಿ? ಆ ರೇಟಿಗೆ ಯಾರೂ ಎಚ್500 ಕೊಡಲ್ಲ.

ಮೂಲಸ್ಥಿತಿ: ಎಲ್ಲ ಕಂಡೆನ್ಸರನ್ನೂ ಕಿತ್ತೆಸೆಯೋ ಈ ಚಟ ನಿಲ್ಲಬೇಕು. ಕೆಟ್ಟದ್ದು ಮಾತ್ರ ಬದಲಿಸಿ. ಶಾಸಿ ಕೆಳಗೆ ಕಾರ್ಖಾನೆಯ ವೈರಿಂಗ್ ಹಾಗೇ ಇರೋ ಸೆಟ್ಟಿಗೆ ಸಂಗ್ರಹಕಾರರು 10 ಹೆಚ್ಚಿಗೇ ಕೊಡ್ತಾರೆ. ಹಳದಿ ಪ್ಲಾಸ್ಟಿಕ್ ಕಂಡೆನ್ಸರ್ ಸಾಲಾಗಿ ನೇತಾಡ್ತಿದ್ದರೆ ನಾನಂತೂ ಬೆಲೆ ಇಳಿಸಿಯೇ ಕೇಳೋದು. ಮೀಟರಲ್ಲಿ ಅಳೆದು ನೋಡಿ, ಚೆನ್ನಾಗಿದ್ದರೆ ಬಿಡಿ.

ಸೀರೀಸ್_ಲ್ಯಾಂಪ್: ಮೀಟರಲ್ಲಿ ಏನು ಅಳೀತೀರಿ? ಲೆಕ್ಕ ಹಾಕಿ. ಇಎಲ್84ರ ಗ್ರಿಡ್ಡಿಗೆ (ಕರೆಂಟ್ ಹರಿವು ಹಿಡಿತದಲ್ಲಿಡೋ ಜಾಲರಿ) ಹಿಂದಿನ ಹಂತದ ಸದ್ದು ದಾಟಿಸೋ 10 ನ್ಯಾನೋಫ್ಯಾರಡ್ ಕಪ್ಲಿಂಗ್ ಕಂಡೆನ್ಸರ್ 50 ಮೆಗ್‌ಓಂ ಲೀಕ್ ಇದೆ ಅನ್ನಿ. 20 ಮೆಗ್‌ಓಂವರೆಗೆ ಮಾತ್ರ ಓದೋ ಮೀಟರಿಗೆ ಅದು ಓಪನ್. ಆದರೆ ಹಿಂದೆ 200 ವೋಲ್ಟ್, ಗ್ರಿಡ್ ರೆಸಿಸ್ಟರ್ 470 ಕಿಲೋಓಂ ಇದ್ದರೆ ಗ್ರಿಡ್ಡಿನ ಮೇಲೆ ಸುಮಾರು 1.9 ವೋಲ್ಟ್ ಪಾಸಿಟಿವ್ ಕೂರುತ್ತೆ. ವಾಲ್ವ್ ಕಾಯುತ್ತೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಾಯುತ್ತೆ, ಲೀಕ್ ಬೆಳೀತಾ ಹೋಗುತ್ತೆ. ಪರೀಕ್ಷೆ ಹೀಗೆ: ಇಎಲ್84 ಕಿತ್ತು, ಸೆಟ್ ಆನ್ ಮಾಡಿ, ಸಾಕೆಟ್ಟಿನ 2ನೇ ಪಿನ್ನಲ್ಲಿ ವೋಲ್ಟೇಜ್ ನೋಡಿ. ಸೊನ್ನೆಗಿಂತ ಅರ್ಧ ವೋಲ್ಟ್ ಮೇಲಿದ್ದರೂ ಬದಲಿಸಿ. ಮೂಲಸ್ಥಿತಿ ಅಂತ ಕೂತರೆ ಟ್ರಾನ್ಸ್‌ಫಾರ್ಮರ್ ಸುಟ್ಟ ಮೂಲಸ್ಥಿತಿಯೇ ಉಳಿಯೋದು.

ಮೂಲಸ್ಥಿತಿ: ಕಪ್ಲಿಂಗ್ ಬದಲಿಸಬೇಡಿ ಅಂತ ಎಲ್ಲಿ ಬರೆದೆ? ಹಳೇ ಕೊಳವೆಯ ಮೇಣ ಕರಗಿಸಿ, ತಿರುಳು ತೆಗೆದು, ಒಳಗೆ ಹೊಸ 630 ವೋಲ್ಟಿನದು ಕೂರಿಸಿ ಮತ್ತೆ ಮೇಣ ಹಾಕಿ. ಒಂದಕ್ಕೆ ಇಪ್ಪತ್ತು ನಿಮಿಷ. ಸೋಮಾರಿಗಳಿಗೆ ಆಗಲ್ಲ ಬಿಡಿ.

ಗಾಜು_ಮೊದಲು: ದೊಡ್ಡ ಸೆಟ್ಟಲ್ಲಿ ಅಂಥವು ಇಪ್ಪತ್ತಿದ್ದರೆ ಬರೀ ಮೇಣಕ್ಕೇ ಏಳು ಗಂಟೆ. ಆ ಏಳು ಗಂಟೆ ಯಾರ ಲೆಕ್ಕಕ್ಕೆ ರೀ?

ಬೇಕಲೈಟ್_ಬಕೆಟ್: ಬುಶ್ ಒಳಗಿನ ವಾಲ್ವ್‌ಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅದರಲ್ಲಿ ಯುಸಿಎಚ್42, ಯುಎಫ್41, ಯುಬಿಸಿ41, ಯುಎಲ್41, ಯುವೈ41. ಹೀಟರ್ ಎಲ್ಲ ಸೀರೀಸ್, 100 ಮಿಲಿಆಂಪ್. ಗುಂಯ್ ಅಂತಿದೆ ಅಂದ್ರೆ ಐದೂ ಹೀಟರ್ ಬದುಕಿವೆ; ಒಂದು ಕಟ್ ಆಗಿದ್ದರೂ ಎಲ್ಲ ಕತ್ತಲು. ಇದು ಒಳ್ಳೇ ಸುದ್ದಿ, 5 ಕೂಡಿಸಿ. ಗುಂಯ್‌ಗೆ ಕಾರಣ ಬಹುತೇಕ ಒಣಗಿದ ಎಲೆಕ್ಟ್ರೋಲಿಟಿಕ್. ಹೊಸದು ಹಾಕುವಾಗ ದೊಡ್ಡದಿದ್ದರೆ ಒಳ್ಳೇದು ಅಂತ 100 ಮೈಕ್ರೋಫ್ಯಾರಡ್ ಹಾಕಿದರೆ ರೆಕ್ಟಿಫೈಯರ್ ವಾಲ್ವ್ ಯುವೈ41 ಗೋವಿಂದ. ಅದರ ಮಿತಿ 50. ಔಟ್‌ಪುಟ್ ವಾಲ್ವ್ ಯುಎಲ್41 ಬಗ್ಗೆ ಎಚ್ಚರ. ಕಪ್ಲಿಂಗ್ ಬದಲಿಸಿದ ಮೇಲೂ ಗ್ರಿಡ್ಡಲ್ಲಿ ಪಾಸಿಟಿವ್ ಉಳಿದರೆ ವಾಲ್ವೇ ಒಳಗೆ ಲೀಕ್ ಆಗ್ತಿದೆ. ಅದಕ್ಕೊಂದು ಯುಎಲ್41 ಬೆಲೆ ಮೊದಲೇ ಕಳೆದಿಡಿ.

ಪೋರ್ಟಬಲ್ಲಲ್ಲಿ ಎಎಫ್114ರಿಂದ ಎಎಫ್117ರವರೆಗಿನ ಟ್ರಾನ್ಸಿಸ್ಟರ್ ಇದ್ದರೆ ಸದ್ದಿಲ್ಲದ್ದಕ್ಕೆ ಕಾರಣ ಹೆಚ್ಚಾಗಿ ಅವೇ. ಡಬ್ಬಿಯೊಳಗೆ ತವರದ ಎಳೆ ಬೆಳೆದು ಮೈಗೆ ಶಾರ್ಟ್ ಆಗುತ್ತೆ. ನಾಲ್ಕನೇ ಕಾಲು, ಅಂದ್ರೆ ಶೀಲ್ಡಿನದು, ಕತ್ತರಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಹಾಡುತ್ತೆ. ಬ್ಯಾಟರಿ ಸೋರಿ ಬೋರ್ಡಿನ ತಾಮ್ರ ತಿಂದಿದ್ದರೆ ಮಾತ್ರ ಅದಕ್ಕೆ ಸೊನ್ನೆ.

ಡಯಲ್_ದಾರ: ಧನ್ಯವಾದ ಸರ್. ಮರದ್ದು? ಮ್ಯಾಜಿಕ್ ಐ ಇಎಂ80, ಎಫ್‌ಎಂ 100 ಮೆಗಾಹರ್ಟ್ಸ್‌ಗೇ ನಿಲ್ಲುತ್ತೆ.

ಬೇಕಲೈಟ್_ಬಕೆಟ್: ಆ ಕಾಲದ್ದು ಹಾಗೇ. 100ರ ಮೇಲಿನ ಸ್ಟೇಷನ್ ಕೇಳೋರು ಅದನ್ನು ಕೊಳ್ಳಲ್ಲ, ಅದಕ್ಕೇ ಬೆಲೆ ಏರಲ್ಲ. ಮ್ಯಾಜಿಕ್ ಐ ಮಂಕಾಗಿದ್ದರೆ ಬದಲಿಗೆ ರಷ್ಯದ 6ಇ1ಪಿ ನೋಡಿ. ಗುಂಡಿಯೊಂದು ಮುರಿದಿದ್ದರೂ 10 ಇಳಿಸಿ. ಒಟ್ಟು ಕೇಳೋದಾದರೆ ಬುಶ್ಶಿಗೆ 30, ಮರದ್ದಕ್ಕೆ ಬಿರುಕು ಲೆಕ್ಕಕ್ಕೆ ತಗೊಂಡು 15, ಪೋರ್ಟಬಲ್ ಲೆಕ್ಕಕ್ಕೇ ಇಲ್ಲ. ಎಲ್ಲ ಅದರದರ ಹಾಡೋ ಬೆಲೆಯ ಮೇಲೆ.

ಗಾಜು_ಮೊದಲು: ಗಾಜು ಬಿರುಕು ಬಿಟ್ಟಿದ್ದಕ್ಕೆ 15? ದಾನ ಮಾಡ್ತಿದ್ದೀರಾ?

ಮೂಲಸ್ಥಿತಿ: ಎಚ್500ನವರಿಗೆ ಒಂದು ಮಾತು. 1ಎಲ್6ಗೆ 30 ಸುರಿಯೋ ಬದಲು 1ಯು6 ವಾಲ್ವ್ ಹಾಕಬಹುದಿತ್ತು.

ಶಾರ್ಟ್‌ವೇವ್_ಹುಚ್ಚು: ಮೂಲಸ್ಥಿತಿ ಅಂತ ಹೆಸರಿಟ್ಕೊಂಡು 1ಯು6 ಹಾಕಿ ಅಂತೀರಲ್ಲ! ಅದರ ಫಿಲಮೆಂಟ್ 25 ಮಿಲಿಆಂಪ್, ಸೀರೀಸಲ್ಲಿ ಹರಿಯೋದು 50. ಹಾಗೇ ಚುಚ್ಚಿದರೆ ಅದೂ ಭಸ್ಮ.

ಮೂಲಸ್ಥಿತಿ: ಹಾಗೇ ಚುಚ್ಚಿ ಅಂದೋರು ಯಾರು? ಫಿಲಮೆಂಟಿನ 1 ಮತ್ತು 7ನೇ ಪಿನ್ ನಡುವೆ 56 ಓಂ ರೆಸಿಸ್ಟರ್ ಅಡ್ಡ ಹಾಕಿ. 1.4 ವೋಲ್ಟಿಗೆ ಮಿಕ್ಕ 25 ಮಿಲಿಆಂಪ್ ಅದರಲ್ಲೇ ಹೋಗುತ್ತೆ. ಸೆಟ್ ಆಫ್ ಮಾಡಿ, ಕಂಡೆನ್ಸರ್ ಖಾಲಿಯಾದ ಮೇಲೆ ವಾಲ್ವ್ ತಳ್ಳಿ. ಬೇಡ ಅಂದ ದಿನ ರೆಸಿಸ್ಟರ್ ಬಿಚ್ಚಿದರೆ ಸೆಟ್ ಮೊದಲಿನ ಹಾಗೇ.