ಒಂದು ದಿನ ಅಪ್ಪನಿಗೆ ಬರುತ್ತದೆ, ಇನ್ನೊಂದು ದಿನ ನನಗೆ: ವೈಫೈ ಪ್ರಿಂಟರ್ ಎಲ್ಲರಿಗೂ ಒಟ್ಟಿಗೆ ಸಿಗುವ ಹಾಗೆ ಮಾಡುವುದು ಹೇಗೆ?

ಕಾಗದದ_ದೋಣಿ:

ಎಲ್ಲರಿಗೂ ನಮಸ್ಕಾರ. ಮನೆಗೆ ವೈಫೈ ಪ್ರಿಂಟರ್ ತಂದು ಮೂರು ವಾರ ಆಯ್ತು. ಒಂದೇ ಪ್ರಿಂಟರ್, ಮನೆಯವರೆಲ್ಲ ಬಳಸಬೇಕು ಅಂತ ಆಸೆ. ಕೆಳಗೆ ಅಪ್ಪನ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಮೇಲಿನ ರೂಮಿನಲ್ಲಿ ನನ್ನ ಲ್ಯಾಪ್‌ಟಾಪ್, ವಿಂಡೋಸ್ 11. ಅಮ್ಮನದು ಆಂಡ್ರಾಯ್ಡ್ ಫೋನ್, ತಂಗಿಯದು ಐಫೋನ್. ಪ್ರಿಂಟರ್ ಇಟ್ಟಿರುವುದು ಮೆಟ್ಟಿಲ ಪಕ್ಕ.

ಸಮಸ್ಯೆ ಏನಪ್ಪಾ ಅಂದರೆ, ಕೆಲವು ದಿನ ಅಪ್ಪನಿಗೆ ಸಲೀಸಾಗಿ ಪ್ರಿಂಟ್ ಬರುತ್ತದೆ, ನನಗೆ ಮಾತ್ರ ಆಫ್‌ಲೈನ್. ಎರಡು ದಿನ ಬಿಟ್ಟು ನೋಡಿದರೆ ನನಗೆ ಬರುತ್ತದೆ, ಅಪ್ಪನಿಗೆ ಆಫ್‌ಲೈನ್. ಇಬ್ಬರಿಗೂ ಒಂದೇ ದಿನ ಬಂದದ್ದೇ ಇಲ್ಲ. ತಂಗಿಯದು ಇನ್ನೂ ವಿಚಿತ್ರ. ಮೆಟ್ಟಿಲ ಹತ್ತಿರ ನಿಂತಾಗ ಅವಳ ಫೋನಿನಲ್ಲಿ ಕಾಣಿಸಿದ ಪ್ರಿಂಟರ್, ಅವಳು ರೂಮಿಗೆ ಹೋಗಿ ಕೂರುವಷ್ಟರಲ್ಲಿ ಮಾಯ.

ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ಮೂರು ಸಲ ತೆಗೆದು ಮತ್ತೆ ಹಾಕಿದೆ. ಪ್ರಿಂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಸಿಗ್ನಲ್ ಚೆನ್ನಾಗಿಯೇ ಇದೆ, ವೈಫೈ ದೀಪ ಮಿಟುಕದೆ ಉರಿಯುತ್ತಿದೆ, ವೈಫೈ ಹೆಸರು ಪಾಸ್‌ವರ್ಡ್ ಎಲ್ಲ ಸರಿ. ಅಪ್ಪ ಅಂತೂ "ಹಳೇ ಕೇಬಲ್ ಪ್ರಿಂಟರೇ ಚೆನ್ನಾಗಿತ್ತು" ಅಂತ ದಿನಕ್ಕೆರಡು ಸಲ ಹೇಳುತ್ತಿದ್ದಾರೆ. ಪ್ರಿಂಟರೇ ಕೆಟ್ಟದ್ದಾ? ಹಿಂದಕ್ಕೆ ಕೊಟ್ಟುಬಿಡಲಾ?

ಸಂಜೆ_ಮಳೆ:

ಇದು 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ವೈಫೈ ಬ್ಯಾಂಡ್‌ಗಳ ಕಥೆ. ಮನೆ ಪ್ರಿಂಟರ್‌ಗಳಲ್ಲಿ ಬಹಳಷ್ಟು 2.4ಕ್ಕೆ ಮಾತ್ರ ಸೇರುತ್ತವೆ. ನಿಮ್ಮ ಲ್ಯಾಪ್‌ಟಾಪ್ ಒಂದೊಂದು ದಿನ 5ಕ್ಕೆ ಹೋಗುತ್ತಿರಬೇಕು, ಆಗ ಪ್ರಿಂಟರ್ ಕಾಣಿಸುವುದಿಲ್ಲ. ಎಲ್ಲವನ್ನೂ 2.4ಕ್ಕೆ ತನ್ನಿ, ಮುಗೀತು.

ಒಂದೇ_ತಂತಿ:

ಮಳೆಯವರೇ, ಅರ್ಧ ಸರಿ. ಬಹಳಷ್ಟು ಪ್ರಿಂಟರ್‌ಗಳು 2.4ಕ್ಕೆ ಮಾತ್ರ ಸೇರುತ್ತವೆ ಅನ್ನುವುದು ನಿಜ. ಆದರೆ ಒಂದೇ ರೌಟರ್‌ನಲ್ಲಿ 2.4 ಮತ್ತು 5 ಎರಡೂ ಒಂದೇ ನೆಟ್‌ವರ್ಕ್. ಫೋನ್ 5ರಲ್ಲಿದ್ದು ಪ್ರಿಂಟರ್ 2.4ರಲ್ಲಿದ್ದರೂ ಮಧ್ಯೆ ರೌಟರ್ ಇಬ್ಬರನ್ನೂ ಸೇರಿಸುತ್ತದೆ, ಪ್ರಿಂಟ್ ಬಂದೇ ಬರುತ್ತದೆ. ಮೊದಲ ಸಲ ಪ್ರಿಂಟರನ್ನು ಆ್ಯಪ್ ಮೂಲಕ ಸೇರಿಸುವಾಗ ಮಾತ್ರ ಕೆಲವು ಆ್ಯಪ್‌ಗಳು ಫೋನ್ ಕೂಡ 2.4ರಲ್ಲೇ ಇರಲಿ ಅಂತ ಹಟ ಹಿಡಿಯುತ್ತವೆ. ಅದಾದ ಮೇಲೆ ಬೇಕಿಲ್ಲ. ಇದಕ್ಕೋಸ್ಕರ ಮನೆಯ ಎಲ್ಲ ಫೋನನ್ನೂ ನಿಧಾನದ ಬ್ಯಾಂಡಿಗೆ ತಂದು ಕೂರಿಸಬೇಡಿ.

ದೋಣಿಯವರೇ, ಹಿಂದಕ್ಕೆ ಕೊಡಬೇಡಿ. ಮೊದಲು ಒಂದು ಪ್ರಶ್ನೆ: ಮನೆಯಲ್ಲಿ ರೌಟರ್ ಒಂದಾ, ಎರಡಾ? ಮೇಲೆ ಸಿಗ್ನಲ್ ಬರಲ್ಲ ಅಂತ ಇನ್ನೊಂದು ಹಾಕಿದ್ದೀರಾ? ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೀರಾ?

ಎರಡನೆಯದು, ಪ್ರಿಂಟರ್ ಮೆನುವಿನಲ್ಲಿ ನೆಟ್‌ವರ್ಕ್ ಮಾಹಿತಿಯ ಹಾಳೆ ಪ್ರಿಂಟ್ ಮಾಡುವ ಆಯ್ಕೆ ಇರುತ್ತದೆ. ಪರದೆ ಇಲ್ಲದ ಪ್ರಿಂಟರ್ ಆದರೆ ಯಾವ ಗುಂಡಿ ಒತ್ತಿ ಹಿಡಿಯಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಅಪ್ಪನಿಗೆ ಬರುವ ದಿನ ಒಂದು ಹಾಳೆ ತೆಗೆಯಿರಿ, ನಿಮಗೆ ಬರುವ ದಿನ ಇನ್ನೊಂದು. ಎರಡರಲ್ಲೂ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರಿಂಟರ್‌ಗೆ ಸಿಕ್ಕ ನಂಬರ್, ಏನಿದೆ ಅಂತ ಇಲ್ಲಿ ಹಾಕಿ. 169.254 ಅಂತ ಶುರುವಾಗುವ ನಂಬರ್ ಏನಾದರೂ ಇದ್ದರೆ ಪ್ರಿಂಟರ್‌ಗೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದು ಹಾಕಿಕೊಂಡಿದೆ ಅಂತ ಅರ್ಥ. ಆಗ ಬೇರೆ ದಾರಿ ನೋಡೋಣ.

ಕಾಗದದ_ದೋಣಿ:

ತಡವಾಯ್ತು, ಕ್ಷಮಿಸಿ. ಎರಡೂ ಬಗೆಯ ದಿನ ಬರುವುದಕ್ಕೆ ಕಾಯಬೇಕಾಯಿತಲ್ಲ!

ಅಪ್ಪನಿಗೆ ಬಂದ ದಿನ: 192.168.1.7. ನನಗೆ ಬಂದ ದಿನ: 192.168.0.104.

ಹೌದು, ರೌಟರ್ ಎರಡಿವೆ. ಕೆಳಗೆ ಇಂಟರ್ನೆಟ್‌ನವರು ಕೊಟ್ಟದ್ದು. ಮೇಲಿನದು ನಾವೇ ಹಾಕಿದ್ದು, ಕೆಳಗಿನ ರೌಟರ್‌ನಿಂದ ಒಂದು ಕೇಬಲ್ ಎಳೆದು ಅದಕ್ಕೆ ಚುಚ್ಚಿದ್ದೇವೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಯಾಕೆಂದರೆ ಮೇಲೆ ಕೆಳಗೆ ಓಡಾಡುವಾಗ ಫೋನ್ ತಾನೇ ಬದಲಾಯಿಸಿಕೊಳ್ಳಲಿ ಅಂತ. ಇದು ತಪ್ಪಾ?

ಒಂದೇ_ತಂತಿ:

ಸಿಕ್ಕಿತು. ಹೆಸರು ಒಂದೇ ಇಟ್ಟದ್ದು ತಪ್ಪಲ್ಲ. ತಪ್ಪಿರುವುದು ಆ ಕೇಬಲ್ ಚುಚ್ಚಿದ ಜಾಗದಲ್ಲಿ.

ವಿಳಾಸದಲ್ಲಿ ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ನೋಡಿ. ಒಂದರಲ್ಲಿ 1, ಇನ್ನೊಂದರಲ್ಲಿ 0. ಅಂದರೆ ನಿಮ್ಮ ಮನೆಯಲ್ಲಿ ಹೆಸರು ಒಂದೇ ಆದರೂ ನೆಟ್‌ವರ್ಕ್ ಎರಡು. ಕೆಳಗಿನ ರೌಟರ್ 192.168.1 ಸಾಲಿನ ವಿಳಾಸ ಹಂಚುತ್ತಿದೆ, ಮೇಲಿನದು 192.168.0 ಸಾಲಿನದು. ಕೇಬಲ್ಲನ್ನು ಮೇಲಿನ ರೌಟರ್‌ನ ವ್ಯಾನ್ ಪೋರ್ಟಿಗೆ, ಅಂದರೆ ಇಂಟರ್ನೆಟ್ ಒಳಗೆ ಬರುವ ಬೇರೆ ಬಣ್ಣದ ತೂತಿಗೆ ಚುಚ್ಚಿದ್ದೀರಿ ಅಲ್ವಾ? ಆಗ ಅದು ತನ್ನ ಹಿಂದೆ ಇರುವವರನ್ನೆಲ್ಲ ಬೇರೆ ಮನೆ ಅಂತಲೇ ನೋಡಿಕೊಳ್ಳುತ್ತದೆ.

ಪ್ರಿಂಟರ್ ಇರುವುದು ಮೆಟ್ಟಿಲ ಪಕ್ಕ. ಅದಕ್ಕೆ ಎರಡೂ ರೌಟರ್‌ನ ಸಿಗ್ನಲ್ ಹೆಚ್ಚು ಕಡಿಮೆ ಒಂದೇ. ಕರೆಂಟ್ ಹೋಗಿ ಬಂದಾಗಲೋ, ಪ್ರಿಂಟರ್ ಆಫ್ ಆಗಿ ಆನ್ ಆದಾಗಲೋ, ಯಾವುದು ಮೊದಲು ಸಿಕ್ಕಿತೋ ಅದಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎರಡು ದಿನ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಉಪವಾಸ. ತಂಗಿಯ ಫೋನೂ ಇದೇ ಆಟ ಆಡುತ್ತಿದೆ. ಮೆಟ್ಟಿಲ ಹತ್ತಿರ ಕೆಳಗಿನ ರೌಟರ್‌ನಲ್ಲಿರುತ್ತದೆ, ರೂಮಿಗೆ ಹೋದರೆ ಮೇಲಿನದಕ್ಕೆ ಹಾರುತ್ತದೆ.

ಫೋನ್ ಪ್ರಿಂಟರನ್ನು ಹುಡುಕುವುದು ಕೂಗಿ ಕರೆದ ಹಾಗೆ. ಇದಕ್ಕೆ ಎಂಡಿಎನ್‌ಎಸ್ ಅನ್ನುತ್ತಾರೆ. "ಪ್ರಿಂಟರ್ ಯಾರಾದರೂ ಇದ್ದೀರಾ" ಅಂತ 224.0.0.251 ಅನ್ನುವ ವಿಳಾಸಕ್ಕೆ ಕೂಗುತ್ತದೆ, ಆ ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್ ಓಗೊಡುತ್ತದೆ. ಆದರೆ ಆ ಕೂಗು ರೌಟರ್‌ನ ಹೊಸಿಲು ದಾಟುವುದಿಲ್ಲ. ಸ್ವಾರಸ್ಯ ಏನೆಂದರೆ, ಪ್ರಿಂಟರ್ ಕೆಳಗಿನ ನೆಟ್‌ವರ್ಕ್‌ನಲ್ಲಿದ್ದಾಗ ನಿಮ್ಮ ಲ್ಯಾಪ್‌ಟಾಪ್‌ನಿಂದ 192.168.1.7 ಅಂತ ನೇರ ವಿಳಾಸ ಕೊಟ್ಟರೆ ಸಾಮಾನ್ಯವಾಗಿ ತಲುಪುತ್ತದೆ, ಯಾಕೆಂದರೆ ಮೇಲಿನವರು ಕೆಳಗಿಳಿದು ಹೊರಗೆ ಹೋಗಲು ದಾರಿ ಇದೆ. ಕೆಳಗಿನವರು ಮೇಲೆ ಹತ್ತುವುದಕ್ಕೆ ಮಾತ್ರ ಬಾಗಿಲು ಮುಚ್ಚಿದೆ. ಹಾಗಾಗಿ ಪ್ರಿಂಟರ್ ಮೇಲಿನ ರೌಟರ್‌ಗೆ ಸೇರಿದ ದಿನ ಅಪ್ಪ ಏನು ಮಾಡಿದರೂ ಆಗುವುದಿಲ್ಲ. ಪಾಪ, ಅವರ ಸಿಟ್ಟು ನ್ಯಾಯವಾದದ್ದೇ.

ಈಗ ಮಾಡಬೇಕಾದ್ದು. ಮೇಲಿನ ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಇದೆಯಾ ನೋಡಿ. ಆ ಮೋಡ್‌ನಲ್ಲಿ ಅದು ತಾನೇ ವಿಳಾಸ ಹಂಚದೆ ಕೆಳಗಿನ ನೆಟ್‌ವರ್ಕನ್ನೇ ಮೇಲೆ ಹರಡುತ್ತದೆ. ಇದ್ದರೆ ಅದನ್ನು ಆರಿಸಿ ಸೇವ್ ಮಾಡಿ, ಅಷ್ಟೇ. ಕೇಬಲ್ ಯಾವ ಪೋರ್ಟಿನಲ್ಲಿರಬೇಕು ಅಂತ ಅದೇ ಹೇಳುತ್ತದೆ. ಆ ಮೋಡ್ ಇಲ್ಲದ ಹಳೆಯ ರೌಟರ್ ಆದರೆ ಕೈಯಿಂದ ಮಾಡಬೇಕು, ಮತ್ತು ಇಲ್ಲಿ ಕ್ರಮ ಮುಖ್ಯ: ಮೊದಲು ಕೇಬಲ್ ಕಿತ್ತಿಡಿ, ಮೇಲಿನ ರೌಟರ್‌ಗೆ 192.168.1.2 ಅಂತ ಹೊಸ ವಿಳಾಸ ಕೊಡಿ, ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಎಲ್ಲ ಸೇವ್ ಆದ ಮೇಲೆ ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ, ಅಂದರೆ ಉಳಿದ ತೂತುಗಳಲ್ಲಿ ಒಂದಕ್ಕೆ ಚುಚ್ಚಿ, ವ್ಯಾನ್ ಪೋರ್ಟ್ ಖಾಲಿ ಬಿಡಿ. ಡಿಎಚ್‌ಸಿಪಿ ಆಫ್ ಮಾಡದೆ ಚುಚ್ಚಿದರೆ ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚುತ್ತಾರೆ, ಆಮೇಲೆ ಕೆಲವರಿಗೆ ಇಂಟರ್ನೆಟ್ಟೂ ಬರದೆ ಹೋಗಬಹುದು. ಕೆಳಗಿನ ರೌಟರ್ ಆ 2ನೇ ನಂಬರನ್ನು ಬೇರೆ ಯಾರಿಗೂ ಹಂಚದ ಹಾಗೆ ಅದರ ಡಿಎಚ್‌ಸಿಪಿ ವ್ಯಾಪ್ತಿಯನ್ನೂ ಒಮ್ಮೆ ನೋಡಿಕೊಳ್ಳಿ.

ಜೊತೆಗೆ, ಎರಡೂ ರೌಟರ್‌ನಲ್ಲಿ ಎಪಿ ಐಸೊಲೇಶನ್ ಅಥವಾ ಕ್ಲೈಂಟ್ ಐಸೊಲೇಶನ್ ಆನ್ ಆಗಿದ್ದರೆ ಆಫ್ ಮಾಡಿ. ಅದು ಆನ್ ಇದ್ದರೆ ವೈಫೈನಲ್ಲಿರುವವರು ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ಗೆಸ್ಟ್ ವೈಫೈನಲ್ಲಿ ಪ್ರಿಂಟರ್ ಸಿಗದಿರುವುದೂ ಸಾಮಾನ್ಯವಾಗಿ ಇದೇ ಕಾರಣಕ್ಕೆ.

ಹಳೇ_ಮೋಡೆಮ್:

ಒಂದೇ ತಂತಿಯವರು ಹೇಳಿದ್ದು ಸರಿ. ನಾನು ಸೇರಿಸುವುದು ಏನೆಂದರೆ, ನೆಟ್‌ವರ್ಕ್ ಒಂದಾದ ಮೇಲೆ ಪ್ರಿಂಟರ್‌ನ ಮೆನುವಿನಲ್ಲೇ ಸ್ಥಿರ ಐಪಿ ಹಾಕಿಬಿಡಿ. ಇಲ್ಲದಿದ್ದರೆ ಯಾವತ್ತೋ ಒಂದು ದಿನ 7 ಹೋಗಿ 12 ಆಗುತ್ತದೆ, ಮತ್ತೆ ಆಫ್‌ಲೈನ್ ಅಂತ ಇಲ್ಲಿಗೇ ಬರುತ್ತೀರಿ.

ಒಂದೇ_ತಂತಿ:

ಸ್ಥಿರ ವಿಳಾಸ ಬೇಕು, ಒಪ್ಪಿದೆ. ಆದರೆ ಪ್ರಿಂಟರ್‌ನಲ್ಲಿ ಬೇಡ ಮೋಡೆಮ್ ಸರ್, ರೌಟರ್‌ನಲ್ಲಿ ಇರಲಿ. ಪ್ರಿಂಟರ್‌ನಲ್ಲಿ ಬರೆದಿಟ್ಟರೆ ರೌಟರ್‌ಗೆ ಆ ಸುದ್ದಿಯೇ ತಿಳಿಯುವುದಿಲ್ಲ, ಅದೇ ನಂಬರನ್ನು ಯಾರದೋ ಫೋನಿಗೂ ಕೊಟ್ಟುಬಿಡಬಹುದು. ಮುಂದೆ ಬೇರೆ ಸಾಲಿನ ವಿಳಾಸ ಕೊಡುವ ಹೊಸ ರೌಟರ್ ಬಂದರೆ ಪ್ರಿಂಟರ್ ಹಳೇ ವಿಳಾಸ ಹಿಡಿದುಕೊಂಡು ಮೂಲೆಯಲ್ಲಿ ಕೂತಿರುತ್ತದೆ, ಯಾರಿಗೂ ಸಿಗುವುದಿಲ್ಲ. ನಾನೇ ಒಮ್ಮೆ ಹೀಗೆ ಮಾಡಿ, ಹೊಸ ರೌಟರ್ ಹಾಕಿದ ದಿನ ಪ್ರಿಂಟರ್‌ನ ಪುಟ್ಟ ಗುಂಡಿಗಳನ್ನು ಒತ್ತುತ್ತಾ ಸಂಜೆ ಕಳೆದಿದ್ದೇನೆ.

ಕೆಳಗಿನ ರೌಟರ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ. ಪ್ರಿಂಟರ್‌ನ ಮ್ಯಾಕ್ ವಿಳಾಸ (ಯಂತ್ರಕ್ಕೇ ಸೇರಿದ ಗುರುತಿನ ನಂಬರ್) ಕೊಟ್ಟು 192.168.1.50 ಅಂತ ಕಾದಿರಿಸಿ, ಆಮೇಲೆ ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹುಷಾರು, ಆ ಹಾಳೆಯಲ್ಲಿ ಮ್ಯಾಕ್ ವಿಳಾಸ ಒಂದಕ್ಕಿಂತ ಜಾಸ್ತಿ ಇರಬಹುದು, ಕೇಬಲ್‌ದು ಒಂದು, ವೈಫೈದು ಒಂದು. ನಿಮಗೆ ಬೇಕಾದ್ದು ವೈಫೈದು.

ಹಳೇ_ಮೋಡೆಮ್:

ಸರಿ ಮಾರಾಯ್ರೇ, ರಿಸರ್ವೇಶನ್ನೇ ಇರಲಿ. ಹಾಗಾದರೆ ವಿಂಡೋಸ್ ಭಾಗ ನಾನು ಹೇಳುತ್ತೇನೆ.

ದೋಣಿಯವರೇ, ಎರಡೂ ಕಂಪ್ಯೂಟರ್‌ನಲ್ಲಿ ಹಳೇ ಪ್ರಿಂಟರ್‌ಗಳನ್ನು ತೆಗೆದುಹಾಕಿ. ಮೂರು ಸಲ ಡ್ರೈವರ್ ಹಾಕಿದ್ದೀರಲ್ಲ, ಅದೇ ಹೆಸರಿನ ಮುಂದೆ ಕಾಪಿ 1, ಕಾಪಿ 2 ಅಂತ ಸಂಸಾರ ಬೆಳೆದಿರುತ್ತದೆ. ಹೊಸದಾಗಿ ಸೇರಿಸುವಾಗ ವಿಂಡೋಸ್ ತಾನಾಗಿ ಹುಡುಕಿ ತೋರಿಸುವುದನ್ನು ಒತ್ತಬೇಡಿ, ಹಾಗೆ ಸೇರಿಸಿದರೆ ಬಹಳ ಸಲ ಡಬ್ಲ್ಯೂಎಸ್‌ಡಿ ಅನ್ನುವ ಪೋರ್ಟ್ (ಇದು ತೂತಲ್ಲ, ಪ್ರಿಂಟರನ್ನು ತಲುಪಲು ವಿಂಡೋಸ್ ಬಳಸುವ ದಾರಿ) ಹಾಕಿಕೊಳ್ಳುತ್ತದೆ, ಆಫ್‌ಲೈನ್ ತಂಟೆ ಅದರಲ್ಲಿ ಜಾಸ್ತಿ. ಕೈಯಿಂದ ಸೇರಿಸುವ ಆಯ್ಕೆಗೆ ಹೋಗಿ, ಟಿಸಿಪಿ/ಐಪಿ, ಅಂದರೆ ವಿಳಾಸ ಕೊಟ್ಟು ಸೇರಿಸುವುದನ್ನು ಆರಿಸಿ, 192.168.1.50 ಕೊಡಿ. ಪೋರ್ಟ್ ನಂಬರ್ ಕೇಳಿದರೆ ಬಹುತೇಕ ಪ್ರಿಂಟರ್‌ಗಳಿಗೆ 9100.

ಇಷ್ಟಾದ ಮೇಲೂ ಪ್ರಿಂಟ್ ಬರುತ್ತಾ ಇದ್ದರೂ ಆಫ್‌ಲೈನ್ ಅಂತ ಬೂದು ಬಣ್ಣದಲ್ಲಿ ತೋರಿಸುತ್ತಿದ್ದರೆ, ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್, ಅಲ್ಲಿ ಕಾನ್ಫಿಗರ್ ಪೋರ್ಟ್ ಒತ್ತಿ ಎಸ್‌ಎನ್‌ಎಂಪಿ ಸ್ಟೇಟಸ್ ಮುಂದಿನ ಟಿಕ್ ತೆಗೆಯಿರಿ. ವಿಂಡೋಸ್ ಆ ದಾರಿಯಲ್ಲಿ "ಇದ್ದೀಯಾ" ಅಂತ ಕೇಳುತ್ತದೆ, ಪ್ರಿಂಟರ್ ಉತ್ತರ ಕೊಡದಿದ್ದರೆ ಸತ್ತಿದೆ ಅಂತ ತೀರ್ಮಾನಿಸಿಬಿಡುತ್ತದೆ.

ಫೋನ್‌ಗಳಿಗೆ ಏನೂ ಮಾಡಬೇಕಿಲ್ಲ. ಐಫೋನ್‌ನಲ್ಲಿ ಡ್ರೈವರ್ ಇಲ್ಲದೆಯೇ ಪ್ರಿಂಟ್ ಕೊಡುವ ಏರ್‌ಪ್ರಿಂಟ್ 2010ರಿಂದಲೂ ಇದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಪ್ರಿಂಟಿಂಗ್ ಒಳಗೆ ಪ್ರಿಂಟ್ ಸರ್ವೀಸ್ ಆನ್ ಇದ್ದರೆ ಸಾಕು.

ಕಾಗದದ_ದೋಣಿ:

ಆಯ್ತು! ಎಲ್ಲರಿಗೂ ಬರುತ್ತಿದೆ. ನಾಲ್ಕು ದಿನ ಸುಮ್ನೆ ನೋಡಿ ಆಮೇಲೆ ಬರೆಯೋಣ ಅಂತ ಕಾದೆ.

ಮೇಲಿನ ರೌಟರ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇತ್ತು. ಆರಿಸಿ ಸೇವ್ ಮಾಡಿದ ತಕ್ಷಣ ಅದರ ಪುಟವೇ ತೆರೆಯಲಿಲ್ಲ, ಹೋಯ್ತು ರೌಟರ್ ಅಂತ ಎದೆ ಧಸಕ್ ಅಂತು. ಆಮೇಲೆ ಗೊತ್ತಾಯಿತು, ಅದೀಗ ಕೆಳಗಿನ ರೌಟರ್ ಕೊಟ್ಟ ಹೊಸ ವಿಳಾಸಕ್ಕೆ ಹೋಗಿದೆ. ಕೆಳಗಿನದರಲ್ಲಿ ಸೇರಿಕೊಂಡಿರುವ ಸಾಧನಗಳ ಪಟ್ಟಿ ತೆರೆದರೆ ಅಲ್ಲಿ ಕೂತಿತ್ತು. ಇದನ್ನು ಮಾಡುವವರು ಗಾಬರಿಯಾಗಬೇಡಿ.

ತಮಾಷೆ ಆದದ್ದು ಅಪ್ಪನ ಕಂಪ್ಯೂಟರ್‌ನಲ್ಲಿ. ನಾನಿನ್ನೂ ಅದನ್ನು ಮುಟ್ಟಿಯೇ ಇರಲಿಲ್ಲ. ನೆಟ್‌ವರ್ಕ್ ಒಂದಾಗಿ ಐದು ನಿಮಿಷ ಆಗಿರಬೇಕು, ಮೆಟ್ಟಿಲ ಪಕ್ಕ ಪ್ರಿಂಟರ್ ತಾನೇ ಗಿರ್ ಅಂತ ಶುರುಮಾಡಿತು. ಒಂದು ಹಾಳೆ, ಎರಡು, ಮೂರು. ಬರುವುದಿಲ್ಲ ಅಂತ ಅಪ್ಪ ಮೂರು ದಿನದಿಂದ ಒತ್ತಿದ್ದೆಲ್ಲ ಸಾಲಿನಲ್ಲಿ ಕಾಯುತ್ತಿತ್ತಂತೆ. ತಂಗಿಯ ಹಾಲ್ ಟಿಕೆಟ್ ಹನ್ನೊಂದು ಪ್ರತಿ ಬಂತು, ಕೊನೆಯ ಎರಡರಲ್ಲಿ ಇಂಕ್ ಮಸುಕು. ಆಮೇಲೆ ಮೋಡೆಮ್ ಸರ್ ಹೇಳಿದ ಹಾಗೆ ಎಲ್ಲ ತೆಗೆದು ಐಪಿ ಕೊಟ್ಟು ಸೇರಿಸಿದೆ. ನಾಲ್ಕು ಕಾಪಿ ಇದ್ದವು.

ನಿನ್ನೆ ಬೇಕೆಂದೇ ಎರಡೂ ರೌಟರ್ ಮತ್ತು ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ. 192.168.1.50ಕ್ಕೇ ಬಂತು. ಅಪ್ಪ ಒಂದು ಪ್ರಿಂಟ್ ತೆಗೆದು, ಹಾಳೆ ತಿರುಗಿಸಿ ಮುರುಗಿಸಿ ನೋಡಿ, ಏನೂ ಹೇಳದೆ ಹೋದರು. ನಮ್ಮ ಮನೆಯಲ್ಲಿ ಅದು ದೊಡ್ಡ ಮೆಚ್ಚುಗೆ.

ಸಂಜೆ_ಮಳೆ:

ನನ್ನ 2.4 ಔಷಧ ಇಲ್ಲಿ ನಡೆಯಲಿಲ್ಲ, ಸೋತೆ. ಅದಿರಲಿ, ನನ್ನದೂ ಒಂದು ಇದೆ. ಮನೆಯಲ್ಲಿ ರೌಟರ್ ಒಂದೇ. ಎಲ್ಲದರಿಂದಲೂ ಪ್ರಿಂಟ್ ಬರುತ್ತದೆ, ಆಫೀಸ್ ಲ್ಯಾಪ್‌ಟಾಪ್‌ನಿಂದ ಮಾತ್ರ ಬರುವುದಿಲ್ಲ. ಬೆಳಗ್ಗೆ ಆಫೀಸ್ ಕೆಲಸಕ್ಕೆ ಲಾಗಿನ್ ಆಗುವ ಮೊದಲು ಕೊಟ್ಟರೆ ಬರುತ್ತದೆ!

ಒಂದೇ_ತಂತಿ:

ಲಾಗಿನ್ ಆದಾಗ ವಿಪಿಎನ್, ಅಂದರೆ ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಗುಪ್ತ ದಾರಿ, ಆನ್ ಆಗುತ್ತಿರಬೇಕು. ಆಗ ಲ್ಯಾಪ್‌ಟಾಪ್‌ನಿಂದ ಹೊರಡುವುದೆಲ್ಲ ಆಫೀಸಿನ ಸುರಂಗದೊಳಗೆ ಹೋಗುತ್ತದೆ, ಪಕ್ಕದಲ್ಲೇ ಇರುವ ಪ್ರಿಂಟರ್‌ಗೆ ಕೊಟ್ಟದ್ದೂ. ವಿಪಿಎನ್ ಆ್ಯಪ್‌ನಲ್ಲಿ ಮನೆಯ ನೆಟ್‌ವರ್ಕ್ ಬಳಸಲು ಬಿಡುವ ಆಯ್ಕೆ ಇದೆಯಾ ನೋಡಿ. ಆಫೀಸಿನವರು ಅದನ್ನು ಮುಚ್ಚಿಟ್ಟಿದ್ದರೆ ಅವರ ಐಟಿ ವಿಭಾಗವನ್ನೇ ಕೇಳಬೇಕು. ಅಲ್ಲಿಯವರೆಗೆ ವಿಪಿಎನ್ ಆಫ್ ಮಾಡಿ ಪ್ರಿಂಟ್ ಕೊಟ್ಟು ಮತ್ತೆ ಆನ್ ಮಾಡಿ. ಆಫೀಸಿನ ಕಾಗದ ಮನೆಯಲ್ಲಿ ಪ್ರಿಂಟ್ ಮಾಡಬಹುದಾ ಅಂತಲೂ ಹಾಗೇ ಕೇಳಿಕೊಂಡುಬಿಡಿ.